ಹೊಸ್ತಿಲಲ್ಲೇ ನಿಲ್ಲಲಿ ಬೀದಿಯ ಧೂಳು

ಮನೆಯೊಳಗೆ ಕಾಲಿಡುವಾಗ ಸಲಾಮ್ ಹೇಳಬೇಕೆಂದು ಮಕ್ಕಳಿಗೆ ಚಿಕ್ಕಂದಿನಿಂದಲೇ ಕಲಿಸುತ್ತೇವೆ. ಆದರೆ ಅದೇ ಬಾಗಿಲಲ್ಲಿ ಅವರ ಕಾಲಿಗೆ ಸಿಗುವುದೇನು? ಚಪ್ಪಲಿಗಳ ರಾಶಿ, ಮುಚ್ಚಳ ಸರಿಯಾಗಿ ಕೂರದ ನೀರಿನ ಡ್ರಮ್ಮು, ಗೋಡೆಯ ಮೊಳೆಗೆ ನೇತುಬಿದ್ದ ಕೆಲಸದ ಅಂಗಿ, ಮೂಲೆಯಲ್ಲೊಂದು ಬೈಕು. ನಮ್ಮಲ್ಲಿ ಹೆಚ್ಚಿನ ಮನೆಗಳು ಚಿಕ್ಕವು. ಬಾಗಿಲು ತೆರೆದರೆ ನೇರವಾಗಿ ಹಾಲ್. ಅದೇ ಹಾಲ್‌ನಲ್ಲಿ ಊಟ, ಅಲ್ಲೇ ನಮಾಝ್, ಅಲ್ಲೇ ಮಗುವಿನ ಆಟ, ರಾತ್ರಿ ಅಲ್ಲೇ ಹಾಸಿಗೆ. ಹೀಗಿರುವಾಗ ಬಾಗಿಲ ಬಳಿಯ ನಾಲ್ಕಡಿ ಜಾಗ ಹೇಗಿದೆ ಎಂಬುದು ಬರೀ ಅಂದಚಂದದ ಮಾತಲ್ಲ, ಇಡೀ ಮನೆಯ ಆರೋಗ್ಯದ ಮಾತು. ಬೀದಿಯ ಕೊಳೆಯನ್ನು ಬಾಗಿಲಲ್ಲೇ ತಡೆದರೆ ಅದು ಮಗುವಿನ ಬಾಯಿಗೂ ನಿಮ್ಮ ಜಾನಮಾಜ್‌ಗೂ ಮುಟ್ಟುವುದಿಲ್ಲ. ಒಳಗೆ ಬಿಟ್ಟುಕೊಂಡ ಮೇಲೆ ದಿನಕ್ಕೆ ಮೂರು ಸಲ ಗುಡಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ನಮ್ಮ ಬಾಗಿಲಿಗೆ ಬರುವುದೇನು?

ಊರಿಗೊಂದು ಬಗೆಯ ಧೂಳಿದೆ. ಬಳ್ಳಾರಿ ನಗರದಲ್ಲಿ ಸಂಡೂರು ಕಡೆಯ ಅದಿರಿನ ಕೆಂಧೂಳು, ತೋರಣಗಲ್ಲು ರಸ್ತೆಯ ಲಾರಿಗಳ ಧೂಳು ಮತ್ತು ಹೊಗೆ. ಜೀನ್ಸ್ ಹೊಲಿಯುವ ಘಟಕಗಳಿಂದ ಬರುವವರ ಬಟ್ಟೆಗೆ ಅಂಟಿದ ನೀಲಿ ನೂಲಿನ ನಾರು, ಗ್ಯಾರೇಜು ಮತ್ತು ವೆಲ್ಡಿಂಗ್ ಅಂಗಡಿಯವರ ಕೈಗೆ ಹತ್ತಿದ ಗ್ರೀಸು, ಲೋಹದ ಪುಡಿ. ಸಿರುಗುಪ್ಪಕ್ಕೆ ಹೋದರೆ ಗದ್ದೆಯ ಕಪ್ಪು ಮಣ್ಣು, ಅಕ್ಕಿ ಗಿರಣಿಯ ಹೊಟ್ಟು ಮತ್ತು ತೌಡು. ಕುರುಗೋಡು ಸುತ್ತಿನ ಹಳ್ಳಿಗಳಲ್ಲಿ ಮೆಣಸಿನಕಾಯಿ, ಹತ್ತಿ ಹೊಲಗಳಿಂದ ಮರಳುವವರ ಕಾಲು ಮತ್ತು ಬಟ್ಟೆಯ ಜೊತೆಗೆ ಹೊಡೆದ ಔಷಧಿಯ ಅಂಶವೂ ಮನೆಗೆ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಬಾಗಿಲು ಮುಚ್ಚಿಕೊಂಡು ಕೂರಲಾಗದು. ಗಾಳಿಯ ಜೊತೆ ಇನ್ನಷ್ಟು ಧೂಳು ಒಳಬರುತ್ತದೆ.

ಇವೆಲ್ಲ ಒಂದೇ ಬಗೆಯ ಅಪಾಯವಲ್ಲ. ಸಣ್ಣ ಧೂಳು ಅಸ್ತಮಾ ಇರುವವರ ಉಸಿರಿಗೆ ತೊಂದರೆ. ಕೀಟನಾಶಕ ಚರ್ಮದ ಮೂಲಕವೂ ಮೈ ಸೇರುತ್ತದೆ. ಹಳೆಯ ಬ್ಯಾಟರಿ ಬಿಚ್ಚುವವರ, ಹಳೆಯ ಬಣ್ಣ ಕೆರೆಯುವವರ ಬಟ್ಟೆಯಲ್ಲಿ ಸೀಸದ ಪುಡಿ ಇರಬಹುದು. ಮಕ್ಕಳ ಮಿದುಳಿಗೆ ಸೀಸ ಇಷ್ಟು ಪ್ರಮಾಣದವರೆಗೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದರ ಭಾರ ಹೆಚ್ಚು ಬೀಳುವುದು ಹೊರಗೆ ದುಡಿದು ಬಂದವರ ಮೇಲಲ್ಲ, ಮನೆಯಲ್ಲೇ ಇದ್ದ ಅಂಬೆಗಾಲಿಡುವ ಮಗುವಿನ ಮೇಲೆ. ಮಗು ನೆಲದ ಮೇಲೆಯೇ ಬದುಕುತ್ತದೆ. ನೆಲ ಮುಟ್ಟಿದ ಕೈ ಮರುಗಳಿಗೆಯಲ್ಲಿ ಬಾಯಲ್ಲಿರುತ್ತದೆ. ಅದರ ಮೈ ಚಿಕ್ಕದು, ಆದ್ದರಿಂದ ಚಿಟಿಕೆ ಧೂಳೂ ಅದಕ್ಕೆ ಹೆಚ್ಚೇ.

ನಾಲ್ಕಡಿಯಲ್ಲಿ ಮೂರು ಭಾಗ

ದುಬಾರಿ ಕಪಾಟು ಬೇಡ. ಮೊದಲು ಆ ಜಾಗವನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿಕೊಳ್ಳಿ. ಹೊಸ್ತಿಲ ಹೊರಗಿನದು ಕೊಳೆಯ ಭಾಗ: ಚಪ್ಪಲಿ, ಬೂಟು, ಮಣ್ಣಾದ ಸಾಮಾನು ಅಲ್ಲಿಗೇ ನಿಲ್ಲಬೇಕು. ಹೊಸ್ತಿಲ ಒಳಗಿನ ಎರಡು ಮೂರು ಅಡಿ ಬದಲಿಸುವ ಭಾಗ: ಹೊರಗಿನ ಬಟ್ಟೆ, ಚೀಲ, ಹೆಲ್ಮೆಟ್, ಬುರ್ಖಾ ಇಲ್ಲಿ. ಅದರಾಚೆ ಶುಚಿಯಾದ ಭಾಗ. ಅಲ್ಲಿ ಬರಿಗಾಲು ಅಥವಾ ಮನೆಯೊಳಗಿನ ಚಪ್ಪಲಿ ಮಾತ್ರ. ಜಾನಮಾಜ್, ಮಗುವಿನ ಚಾಪೆ ಮತ್ತು ಊಟದ ದಸ್ತರ್‌ಖಾನ್ ಇದೇ ಭಾಗದಲ್ಲಿ, ಬಾಗಿಲಿಂದ ಆದಷ್ಟು ದೂರ.

ಬಾಗಿಲಲ್ಲಿ ಒಂದರ ಬದಲು ಎರಡು ಕಾಲೊರಸು ಹಾಕಿ. ಹೊರಗೆ ತೆಂಗಿನ ನಾರಿನದು. ಅದು ಮಣ್ಣನ್ನು ಕೆರೆದು ತೆಗೆಯುತ್ತದೆ. ಒಳಗೆ ಹತ್ತಿಯದು, ಅದು ಉಳಿದ ಸಣ್ಣ ಧೂಳನ್ನೂ ತೇವವನ್ನೂ ಹಿಡಿಯುತ್ತದೆ. ಹಳೆಯ ಟವೆಲ್ ಮಡಿಸಿ ಹೊಲಿದರೂ ಸಾಕು. ಆದರೆ ಒಗೆಯದ ಕಾಲೊರಸು ಧೂಳಿನ ಗೋದಾಮಾಗುತ್ತದೆ. ವಾರಕ್ಕೊಮ್ಮೆ ಹತ್ತಿಯದನ್ನು ಒಗೆದು, ನಾರಿನದನ್ನು ಮನೆಯಿಂದ ದೂರ ಕೊಡವಿ ಬಿಸಿಲಿಗೆ ಹಾಕಿ. ಅಂಚು ಮಡಚಿಕೊಳ್ಳುವ, ಜಾರುವ ಕಾಲೊರಸನ್ನು ಮುಲಾಜಿಲ್ಲದೆ ತೆಗೆಯಿರಿ. ವಯಸ್ಸಾದವರು ಎಡವಿ ಸೊಂಟ ಮುರಿದುಕೊಳ್ಳುವುದು ಇಂಥ ಕಡೆಯೇ.

ಚಪ್ಪಲಿ ಎಲ್ಲಿರಬೇಕು?

ಪೂರ್ತಿ ಮುಚ್ಚಿದ ಪೆಟ್ಟಿಗೆಯಂಥ ಸ್ಟ್ಯಾಂಡಿನಲ್ಲಿ ಬೆವರಿದ ಬೂಟು ಒಣಗುವುದಿಲ್ಲ. ವಾಸನೆಯೂ ಬೂಷ್ಟೂ ಬೆಳೆಯುತ್ತವೆ. ಗಾಳಿಯಾಡುವ ಎರಡು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡ್, ಇಲ್ಲವೇ ಗೋಡೆಗೆ ಕೂರಿಸಿದ ಕಡಪ ಕಲ್ಲಿನ ಹಲಗೆ ಒಳ್ಳೆಯದು. ಕೆಳಗಿನ ಅಂತಸ್ತು ನೆಲದಿಂದ ಅರ್ಧ ಅಡಿ ಮೇಲಿರಲಿ, ಕಸಬರಿಗೆ ಅದರಡಿ ಸಲೀಸಾಗಿ ಆಡಬೇಕು. ಒಬ್ಬರಿಗೆ ದಿನಬಳಕೆಯ ಎರಡು ಜೊತೆ ಸಾಕು. ಈದ್‌ಗೆ, ಮದುವೆಗೆ ಹಾಕುವುದನ್ನು ಒರೆಸಿ, ಡಬ್ಬಿಯಲ್ಲಿಟ್ಟು ಒಳಗೆ ಕಪಾಟಿನ ಮೇಲಿಡಿ.

ನೆಲದಿಂದ ಎತ್ತಿ ಇಡುವುದಕ್ಕೆ ಇನ್ನೊಂದು ಕಾರಣ ಚೇಳು. ನಮ್ಮ ಕಲ್ಲುಗುಡ್ಡಗಳ ಸೀಮೆಯಲ್ಲಿ ಅದು ಹೊಸದಲ್ಲ. ಕತ್ತಲ ಮೂಲೆಯಲ್ಲಿ ಬಿದ್ದ ಬೂಟು ಅದಕ್ಕೆ ಹೇಳಿಮಾಡಿಸಿದ ಜಾಗ. ಹಾಕಿಕೊಳ್ಳುವ ಮುಂಚೆ ಬೂಟನ್ನು ತಲೆಕೆಳಗೆ ಮಾಡಿ ಕೊಡವುವುದನ್ನು ಶಾಲೆಗೆ ಹೋಗುವ ಮಕ್ಕಳಿಗೆ ಅಭ್ಯಾಸ ಮಾಡಿಸಿ. ಚೇಳು ಕಡಿದ ಮಗು ವಿಪರೀತ ಬೆವರಿದರೆ, ವಾಂತಿ ಮಾಡಿದರೆ, ಕೈಕಾಲು ತಣ್ಣಗಾದರೆ ಮಂತ್ರ, ಮನೆಮದ್ದು ಎಂದು ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಔಷಧಿಯಿಂದ ಕೆಂಪು ಚೇಳು ಕಡಿದವರನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. ಅದನ್ನು ಕೊಡುವುದು ವೈದ್ಯರ ಕೆಲಸ. ಬೇಗ ಮುಟ್ಟಿಸುವುದು ನಮ್ಮ ಕೆಲಸ.

ಕೆಲಸದ ಬಟ್ಟೆ, ಬುರ್ಖಾದ ಅಂಚು

ಅಬ್ಬಾ ಮನೆಗೆ ಬಂದ ಕೂಡಲೇ ಮಗು ಓಡಿಹೋಗಿ ಅಪ್ಪಿಕೊಳ್ಳುತ್ತದೆ. ಆ ಸಂತೋಷ ತಪ್ಪಬಾರದು. ಐದು ನಿಮಿಷ ತಡವಾದರೆ ಸಾಕು. ಗ್ಯಾರೇಜು, ಕಾರ್ಖಾನೆ, ಹೊಲದಿಂದ ಬಂದವರು ಮೊದಲು ಬಟ್ಟೆ ಬದಲಿಸಿ, ಕೈ ಮುಖ ತೊಳೆದು, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಇದಕ್ಕಾಗಿ ಬದಲಿಸುವ ಭಾಗದಲ್ಲಿ ಎರಡು ಅನುಕೂಲ ಬೇಕು: ಒಗೆದ ಲುಂಗಿ ಅಂಗಿ ಕಾದಿರುವ ಒಂದು ಗೂಟ, ಕೊಳೆ ಬಟ್ಟೆಗೆ ಮುಚ್ಚಳವಿರುವ ಒಂದು ಬುಟ್ಟಿ. ಔಷಧಿ ಹೊಡೆದ ದಿನದ ಬಟ್ಟೆಯನ್ನು ಆ ಬುಟ್ಟಿಗೂ ಹಾಕಬೇಡಿ. ಬೇರೆ ಚೀಲದಲ್ಲಿಟ್ಟು, ಅಂದೇ, ಮನೆಮಂದಿಯ ಬಟ್ಟೆಯಿಂದ ಬೇರೆಯಾಗಿ ಒಗೆಯಿರಿ. ಒಗೆಯುವವರು ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು.

ಬುರ್ಖಾದ ಕೆಳಅಂಚು ಬಸ್ ನಿಲ್ದಾಣ, ಮಾರ್ಕೆಟ್, ಆಸ್ಪತ್ರೆಯ ನೆಲವನ್ನೆಲ್ಲ ಸವರಿಕೊಂಡು ಬಂದಿರುತ್ತದೆ. ಬಂದ ಕೂಡಲೇ ಅದನ್ನು ಮಂಚದ ಮೇಲೆ ಎಸೆಯುವ ರೂಢಿ ಬಿಡಿ. ಬಾಗಿಲ ಪಕ್ಕದಲ್ಲಿ ಎತ್ತರದ ಕೊಕ್ಕೆಯೊಂದು ಅದಕ್ಕೇ ಇರಲಿ, ಅಂಚು ನೆಲಕ್ಕೆ ತಾಗದಂತೆ. ಮಕ್ಕಳ ಶಾಲಾಚೀಲಕ್ಕೆ ಮೂರಡಿ ಎತ್ತರದಲ್ಲಿ ಬೇರೆ ಕೊಕ್ಕೆ ಹಾಕಿ. ಕೈಗೆಟುಕಿದರೆ ಅವರೇ ತೂಗುಹಾಕುತ್ತಾರೆ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಒಪ್ಪಿಗೆ ಇಲ್ಲದಿದ್ದರೆ ಕೊಕ್ಕೆಗಳಿರುವ ಹಲಗೆಯೊಂದನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿದರೂ ನಡೆಯುತ್ತದೆ.

ವುಝೂಗಿಂತ ಮೊದಲು ಸಾಬೂನು

ಬಾಗಿಲ ಬಳಿ ನಲ್ಲಿ ಇಲ್ಲದಿದ್ದರೆ ಮುಚ್ಚಿದ ಬಕೆಟ್, ಉದ್ದ ಹಿಡಿಯ ಮಗ್, ಒಂದು ಸಾಬೂನು ಇಷ್ಟೇ ಸಾಕು. ದಿನಕ್ಕೆ ಐದು ಸಲ ವುಝೂ ಮಾಡುವ ನಮಗೆ ಕೈ ತೊಳೆಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಬರೀ ನೀರಿಗೆ ಗ್ರೀಸು, ಔಷಧಿಯ ಜಿಡ್ಡು ಹೋಗುವುದಿಲ್ಲ. ಚರ್ಮಕ್ಕೆ ನೀರು ಮುಟ್ಟದಂತೆ ತಡೆಯುವ ಬಣ್ಣ, ದಪ್ಪ ಗ್ರೀಸು ಇದ್ದರೆ ಅದನ್ನು ತೆಗೆದೇ ವುಝೂ ಮಾಡಬೇಕೆಂದು ಉಲಮಾಗಳು ಹೇಳುತ್ತಾರೆ. ಆದ್ದರಿಂದ ಕೆಲಸದಿಂದ ಬಂದವರು ಮೊದಲು ಸಾಬೂನು ಹಚ್ಚಿ 20 ಸೆಕೆಂಡ್ ಉಜ್ಜಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆದು, ಆಮೇಲೆ ವುಝೂ ಮಾಡಲಿ. ಇಬಾದತ್ತಿಗೂ ಆರೋಗ್ಯಕ್ಕೂ ಇಲ್ಲಿ ದಾರಿ ಒಂದೇ.

ನೀರಿನ ಡ್ರಮ್ಮು ಮತ್ತು ಡೆಂಗಿ

ನಲ್ಲಿ ನೀರು ದಿನವೂ ಬಾರದ ಬಡಾವಣೆಗಳಲ್ಲಿ ಬಾಗಿಲ ಪಕ್ಕ ಡ್ರಮ್ಮು ಇಡದೆ ಗತಿಯಿಲ್ಲ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಚೆಗಿಂತ ಇಂಥ ತಿಳಿನೀರನ್ನೇ ಹುಡುಕುತ್ತದೆ. ಅದು ಕಚ್ಚುವುದು ಹಗಲಿನಲ್ಲಿ. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯದೆ, ಮತ್ತೆ ನೀರು ತುಂಬಿದಾಗ ಮರಿಯಾಗುತ್ತದೆ. ಅಂದರೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಬೇಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ಬ್ರಶ್ಶಿನಿಂದ ತಿಕ್ಕಿ, ಒಣಗಿಸಿ ತುಂಬಿ. ಮುಚ್ಚಳ ಸಡಿಲವಿದ್ದರೆ ಒತ್ತಾಗಿ ನೇಯ್ದ ಬಟ್ಟೆಯನ್ನು ಹಗ್ಗದಿಂದ ಬಿಗಿದು ಕಟ್ಟಿ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂಬ ಪ್ರವಾದಿ(ಸ)ಯವರ ಬೋಧನೆ ನಮಗೆ ಗೊತ್ತೇ ಇದೆ; ಈ ಸೊಳ್ಳೆಯ ವಿಷಯದಲ್ಲಿ ಹಗಲಿಗೂ ಅದನ್ನು ಪಾಲಿಸಬೇಕು. ಗೋಡೆಗೆ ರಾಶಿಯಾಗಿ ನೇತುಹಾಕಿದ ಕಪ್ಪು ಬಟ್ಟೆಗಳ ಹಿಂದೆಯೂ ಈ ಸೊಳ್ಳೆ ಅಡಗುತ್ತದೆ. ಕೊಕ್ಕೆಗೊಂದೇ ಬಟ್ಟೆ ಇರಲಿ.

ಪರದೆ, ಅತಿಥಿ, ಹಿರಿಯರು

ಬಾಗಿಲು ತೆರೆದರೆ ಒಳಮನೆ ಪೂರ್ತಿ ಕಾಣುವ ಮನೆಗಳಲ್ಲಿ ಪರದೆ ಬೇಕೇ ಬೇಕು. ಬೇರೆಯವರ ಮನೆಯೊಳಗೆ ಅನುಮತಿ ಕೇಳಿ, ಸಲಾಮ್ ಹೇಳಿಯೇ ಹೋಗಬೇಕೆಂದು ಕುರ್‌ಆನ್ ಕಲಿಸಿದೆ. ಬಂದವರು ಬಾಗಿಲಿಗೆ ನೇರ ನಿಲ್ಲದೆ ಪಕ್ಕಕ್ಕೆ ನಿಲ್ಲುವುದು ಪ್ರವಾದಿ(ಸ)ಯವರ ಕ್ರಮ. ಹಾಗೆ ಪಕ್ಕಕ್ಕೆ ನಿಲ್ಲಲು ಅವರಿಗೆ ಜಾಗವಿದೆಯೇ, ಚಪ್ಪಲಿ ರಾಶಿ ಅಡ್ಡವಾಗಿದೆಯೇ ಎಂದು ನೋಡಿಕೊಳ್ಳಿ. ಪರದೆ ತೆಳು ಹತ್ತಿಯದಿದ್ದರೆ ಗಾಳಿ ಬರುತ್ತದೆ, ಒಗೆಯುವುದೂ ಸುಲಭ. ನೆಲಕ್ಕಿಂತ ನಾಲ್ಕು ಬೆರಳು ಮೇಲಿರಲಿ. ಎಲ್ಲರ ಕೈಯೂ ಮುಟ್ಟುವ ಬಟ್ಟೆ ಅದು. ಹದಿನೈದು ದಿನಕ್ಕೊಮ್ಮೆ ಒಗೆಯಿರಿ.

ದಾದಾ, ದಾದಿ ಒಂಟಿಕಾಲಲ್ಲಿ ನಿಂತು ಚಪ್ಪಲಿ ಬಿಚ್ಚಬೇಕಾದ ಸ್ಥಿತಿ ಬೇಡ. ಅಲುಗಾಡದ ಒಂದು ಸ್ಟೂಲು, ಅದರ ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಹಿಡಿ, ಫಜ್ರ್‌ಗೆ ಮಸೀದಿಗೆ ಹೊರಡುವಾಗ ಕಾಣುವಷ್ಟು ಬೆಳಕಿನ ಸಣ್ಣ ಬಲ್ಬು ಇರಲಿ.

ಬಾಗಿಲಲ್ಲಿ ಇರಬಾರದ್ದು

ಕೀಟನಾಶಕದ ಬಾಟಲಿ, ಸ್ಪ್ರೇ ಪಂಪು ಬಾಗಿಲ ಮೂಲೆಯಲ್ಲಿ ಬೇಡ. ಬಾಟಲಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಬಣ್ಣದ್ದು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೂ ಮಕ್ಕಳ ಕೈಗೆ ಸಿಗಬಾರದು. ಉಳಿದ ಔಷಧಿಯನ್ನು ತಂಪುಪಾನೀಯದ ಬಾಟಲಿಗೆ ಸುರಿದಿಡುವುದಂತೂ ಬೇಡವೇ ಬೇಡ. ಬಾಯಾರಿದ ಮಗುವಿಗೆ ಬಾಟಲಿ ಕಾಣುತ್ತದೆ, ವಿಷ ಕಾಣುವುದಿಲ್ಲ. ಮನೆಯ ಹೊರಗೆ ಬೀಗವಿರುವ ಪೆಟ್ಟಿಗೆಯಲ್ಲಿಡಿ.

ರಾತ್ರಿ ಕಳ್ಳರ ಭಯಕ್ಕೆ ಬೈಕನ್ನು ಒಳಗೆ ತಂದು ನಿಲ್ಲಿಸುವವರು ಒಂದು ಯೋಚಿಸಿ. ಹೆಚ್ಚಿನ ಚಿಕ್ಕ ಮನೆಗಳಿಗೆ ಇರುವುದು ಒಂದೇ ಬಾಗಿಲು. ಅಲ್ಲೇ ಪೆಟ್ರೋಲ್ ಟ್ಯಾಂಕ್ ಇದ್ದರೆ, ಅಲ್ಲೇ ಬ್ಯಾಟರಿ ಸ್ಕೂಟರ್ ರಾತ್ರಿಯಿಡೀ ಚಾರ್ಜ್ ಆಗುತ್ತಿದ್ದರೆ, ಬೆಂಕಿ ಹತ್ತಿದಾಗ ಹೊರಗೆ ಓಡಲು ದಾರಿಯೇ ಉಳಿಯುವುದಿಲ್ಲ. ಹೊರಗೆ ಚೈನು ಬೀಗ ಹಾಕುವ ವ್ಯವಸ್ಥೆ ಮಾಡಿಕೊಳ್ಳಿ. ಇಬ್ಬರು ಒಟ್ಟಿಗೆ ಹೊರಬರುವಷ್ಟು ದಾರಿ ಯಾವತ್ತೂ ತೆರವಾಗಿರಲಿ.

ಹಾಗೆಂದು ನಮ್ಮ ಸಾಮಾನನ್ನೆಲ್ಲ ಗಲ್ಲಿಗೆ ತಳ್ಳುವಂತಿಲ್ಲ. ಕೌಲ್ ಬಜಾರಿನಂಥ ಇಕ್ಕಟ್ಟು ಓಣಿಗಳಲ್ಲಿ ನಮ್ಮ ಚಪ್ಪಲಿ ಸ್ಟ್ಯಾಂಡು ಪಕ್ಕದ ಮನೆಯವರ ಕಾಲಿಗೆ ತೊಡಕಾಗಬಾರದು. ದಾರಿಯಲ್ಲಿನ ತೊಡಕನ್ನು ಸರಿಸುವುದನ್ನೂ ಈಮಾನಿನ ಶಾಖೆಗಳಲ್ಲಿ ಎಣಿಸಿದ ಪ್ರವಾದಿ(ಸ)ಯವರ ಉಮ್ಮತ್ ನಾವು.

ಜುಮಾ ದಿನದ ಅರ್ಧ ಗಂಟೆ

ದಿನಕ್ಕೊಮ್ಮೆ ಬಾಗಿಲ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಣ ಕಸಬರಿಗೆ ಸಣ್ಣ ಧೂಳನ್ನು ಎಬ್ಬಿಸಿ ಮತ್ತೆ ಒಳಗೇ ಕೂರಿಸುತ್ತದೆ. ಗುಡಿಸಲೇಬೇಕಾದರೆ ಮೊದಲು ನೀರು ಚಿಮುಕಿಸಿ. ಉಳಿದದ್ದಕ್ಕೆ ಜುಮಾದ ಬೆಳಗ್ಗೆ ಅರ್ಧ ಗಂಟೆ ಸಾಕು. ಸ್ನಾನಕ್ಕೆ ಮುಂಚೆ ದೊಡ್ಡವರು ಡ್ರಮ್ಮು ಉಜ್ಜಲಿ, ಹುಡುಗರು ಸ್ಟ್ಯಾಂಡು ಸರಿಸಿ ಒರೆಸಲಿ, ಹುಡುಗಿಯರು ಕೊಕ್ಕೆಗಳನ್ನು ಖಾಲಿ ಮಾಡಲಿ. ಮುಂದಿನ ವಾರ ಕೆಲಸ ಅದಲುಬದಲಾಗಲಿ. ಇದು ಅಮ್ಮಿಯೊಬ್ಬರ ಪಾಲಿನ ಕೆಲಸವಲ್ಲ. ಕೊಳೆ ತರುವವರು ಎಲ್ಲರೂ ಆದ್ದರಿಂದ ತಡೆಯುವವರೂ ಎಲ್ಲರೂ ಆಗಬೇಕು.

ಈ ವಾರ ಎಲ್ಲವನ್ನೂ ಮಾಡಲಾಗದಿದ್ದರೆ ಎರಡನ್ನು ಮಾಡಿ: ಚಪ್ಪಲಿ ಹೊಸ್ತಿಲಾಚೆ ನಿಲ್ಲಲಿ, ಡ್ರಮ್ಮಿಗೆ ಮುಚ್ಚಳ ಬೀಳಲಿ. ಉಳಿದದ್ದು ಒಂದೊಂದಾಗಿ ಬರುತ್ತದೆ, ಇನ್‌ಶಾ ಅಲ್ಲಾಹ್.