ಹೈಪರ್ ಎಂದರೆ ಉಪರಿ: ವೈದ್ಯರ ಉದ್ದ ಹೆಸರುಗಳನ್ನು ಬಿಡಿಸಿ ಓದುವ ಬಗೆ

ನಿವೃತ್ತನಾದ ಮೇಲೂ ಈಸಾ ಟೌನಿನ ನಮ್ಮ ಮನೆಗೆ ರಿಪೋರ್ಟ್ ಹಿಡಿದು ಬರುವವರು ಕಡಿಮೆಯಾಗಿಲ್ಲ. ಹೆಚ್ಚಿನವು ಈಗ ವಾಟ್ಸಾಪಿನಲ್ಲಿ ಬರುತ್ತವೆ, ಅಷ್ಟೆ. ಊರಿನಲ್ಲಿ ಅಪ್ಪನಿಗೋ ಅತ್ತೆಗೋ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯ ಫೋಟೋ, ಕೆಳಗೆ ಒಂದು ಸಾಲು: "ಡಾಕ್ಟ್ರೇ, ಇದರಲ್ಲಿ 'ಓಮಾ' ಅಂತ ಉಂಟಲ್ಲ, ಕ್ಯಾನ್ಸರಾ?" ಮಕ್ಕಳು ಇಲ್ಲಿ, ಹಿರಿಯರು ಅಲ್ಲಿ. ಫೋನಿನಲ್ಲಿ ಅರ್ಧಂಬರ್ಧ ಕೇಳಿಸಿದ ಹೆಸರನ್ನು ನಂಬಿ ಇವತ್ತೇ ಟಿಕೆಟ್ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾದ ಸ್ಥಿತಿ ನಮ್ಮ ಸಂಘದ ಎಷ್ಟೋ ಮನೆಗಳದು. ಆದ್ದರಿಂದ ಈ ಸಲದ ಸಂಚಿಕೆಗೆ ಇದೇ ವಿಷಯ.

ವೈದ್ಯರ ಹೆಸರುಗಳು ಗುಟ್ಟಿನ ಸಂಕೇತಗಳಲ್ಲ. ಅವು ಸಮಾಸಪದಗಳು. ನಮ್ಮ ಶಾಲೆಯಲ್ಲಿ ಪಂಡಿತರು 'ವಿಗ್ರಹವಾಕ್ಯ ಹೇಳು' ಎಂದು ನಿಲ್ಲಿಸುತ್ತಿದ್ದರಲ್ಲ, ಅದೇ ವಿದ್ಯೆ ಇಲ್ಲಿಯೂ ಸಾಕು. ಹಿಪಾಕ್ರಟೀಸ್, ಗ್ಯಾಲನ್ ಮೊದಲಾದವರು ಬರೆದದ್ದು ಗ್ರೀಕಿನಲ್ಲಿ. ಯುರೋಪಿನ ವಿಶ್ವವಿದ್ಯಾಲಯಗಳು ಕಲಿಸಿದ್ದು ಲ್ಯಾಟಿನ್ನಿನಲ್ಲಿ; ವೆಸಾಲಿಯಸ್ 1543ರಲ್ಲಿ ಪ್ರಕಟಿಸಿದ ಅಂಗರಚನೆಯ ಮಹಾಗ್ರಂಥವೂ ಲ್ಯಾಟಿನ್ನಿನದೇ. ಹೀಗಾಗಿ ಅಂಗಗಳ ಹೆಸರು ಬಹುಮಟ್ಟಿಗೆ ಲ್ಯಾಟಿನ್, ರೋಗ ಮತ್ತು ಶಸ್ತ್ರಕ್ರಿಯೆಗಳ ಹೆಸರು ಬಹುಮಟ್ಟಿಗೆ ಗ್ರೀಕ್ ಎಂಬ ಹಂಚಿಕೆ ಉಳಿಯಿತು. ಒಂದೇ ಮೂತ್ರಪಿಂಡ 'ರೀನಲ್' ಎನ್ನುವಾಗ ಲ್ಯಾಟಿನ್, 'ನೆಫ್ರಾಲಜಿ' ಎನ್ನುವಾಗ ಗ್ರೀಕ್. ರೀನಲ್ ತೊಂದರೆ ಇರುವವರನ್ನು ನೆಫ್ರಾಲಜಿಸ್ಟರ ಬಳಿಗೆ ಕಳಿಸಿದರೆ ಎರಡನೆಯ ಕಾಯಿಲೆ ಬಂತೆಂದು ಭಾವಿಸಬೇಕಾಗಿಲ್ಲ.

ಓದುವಾಗ ಬಾಲದಿಂದ ಶುರು ಮಾಡಿ. 'ಕೊಲೆಸಿಸ್ಟೆಕ್ಟಮಿ' ತೆಗೆದುಕೊಳ್ಳೋಣ. ಆರಂಭದಲ್ಲಿ 'ಕೊಲೆ' ಕಂಡು ಗಾಬರಿಯಾಗುವುದು ಬೇಡ. ಗ್ರೀಕಿನಲ್ಲಿ ಅದು ಪಿತ್ತ. 'ಟಮಿ' ಎಂದರೆ ಕತ್ತರಿಸುವುದು, ಅದರ ಹಿಂದಿನ 'ಎಕ್' ಎಂದರೆ ಹೊರಕ್ಕೆ, 'ಸಿಸ್ಟ್' ಎಂದರೆ ಚೀಲ. ಪಿತ್ತದ ಚೀಲವನ್ನು ಕತ್ತರಿಸಿ ಹೊರತೆಗೆಯುವುದು. (ಕೊಲೆಸ್ಟರಾಲಿನಲ್ಲಿರುವುದೂ ಇದೇ ಪಿತ್ತ. ಅದನ್ನು ಮೊದಲು ಗುರುತಿಸಿದ್ದು ಪಿತ್ತದ ಕಲ್ಲುಗಳಲ್ಲಿ. ಹೆಸರಿನ ಅರ್ಥ 'ಗಟ್ಟಿ ಪಿತ್ತ'.) ಬಾಲದಲ್ಲಿ ಸ್ವಲ್ಪ ಬದಲಾದರೂ ಅರ್ಥ ಪೂರ್ತಿ ಬದಲಾಗುತ್ತದೆ. 'ಕೊಲೆಕ್ಟಮಿ'ಯಲ್ಲಿ ದೊಡ್ಡ ಕರುಳನ್ನು ಅಥವಾ ಅದರ ಭಾಗವನ್ನು ತೆಗೆಯುತ್ತಾರೆ. 'ಕೊಲಾಸ್ಟಮಿ'ಯಲ್ಲಿ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡುತ್ತಾರೆ. 'ಸ್ಟೋಮಾ' ಎಂದರೆ ಬಾಯಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮಗನಿಗೆ ಈ ವ್ಯತ್ಯಾಸ ತಿಳಿದಿರಬೇಕು, ಏಕೆಂದರೆ ಎರಡನೆಯದರ ನಂತರ ಮನೆಯಲ್ಲಿ ಚೀಲ ಬದಲಾಯಿಸುವವರು ಯಾರೆಂಬ ಪ್ರಶ್ನೆ ಇರುತ್ತದೆ.

ಇನ್ನು 'ಓಮಾ'. ಸಾಮಾನ್ಯವಾಗಿ ಇದು ಗಂಟು ಅಥವಾ ಊತವನ್ನು ಸೂಚಿಸುತ್ತದೆ, ಅಷ್ಟೆ. ಲೈಪೋಮಾ ಕೊಬ್ಬಿನ ಗಂಟು. ಹೆಮಟೋಮಾ ರಕ್ತ ಸೋರಿ ಒಂದೆಡೆ ನಿಂತದ್ದು. ಗ್ಲಾಕೋಮಾದಲ್ಲಿ ಗಂಟೇ ಇಲ್ಲ. ಕಣ್ಣಿನ ನೀಲಿ-ಬೂದು ಛಾಯೆಯನ್ನು ಕಂಡು ಪ್ರಾಚೀನರು ಇಟ್ಟ ಹೆಸರು. ಆದರೆ ಕಾರ್ಸಿನೋಮಾ, ಸಾರ್ಕೋಮಾ, ಲಿಂಫೋಮಾ, ಮೆಲನೋಮಾ ಕ್ಯಾನ್ಸರುಗಳೇ. ಹಾಗಾಗಿ ಬಾಲ ನೋಡಿ ಹೆದರುವುದೂ ತಪ್ಪು, ಬಾಲ ನೋಡಿ ನಿಶ್ಚಿಂತರಾಗುವುದೂ ತಪ್ಪು. ಕಾರ್ಸಿನೋಮಾದ 'ಕಾರ್ಕಿನೋಸ್' ಗ್ರೀಕರ ಏಡಿ, 'ಕ್ಯಾನ್ಸರ್' ಲ್ಯಾಟಿನ್ನಿನ ಏಡಿ, ಇಲ್ಲಿನ ಅರಬ್ಬರು ಹೇಳುವ 'ಸರತಾನ್' ಕೂಡ ಏಡಿಯೇ. ಕನ್ನಡದಲ್ಲಿ 'ಏಡಿಗಂತಿ' ಎಂದು ಬರೆದವರಿದ್ದಾರೆ.

'ಐಟಿಸ್' ಎಂದರೆ ಉರಿಯೂತ. ನನಗೆ ಬಹಳ ಇಷ್ಟವಾದ ಕನ್ನಡ ಪದವಿದು: ಉರಿ ಮತ್ತು ಊತ. ಒಂದನೆಯ ಶತಮಾನದ ರೋಮಿನ ಸೆಲ್ಸಸ್ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣ ಹೇಳಿದ. ಅದರಲ್ಲಿ ಎರಡು ನಮ್ಮ ಒಂದು ಪದದಲ್ಲೇ ಇವೆ. ಲ್ಯಾಟಿನ್ ಮೂಲದ 'ಇನ್‌ಫ್ಲಮೇಷನ್' ಒಳಗೆ ಜ್ವಾಲೆಯಿದೆ. ಇಲ್ಲಿನ ಆಸ್ಪತ್ರೆಗಳಲ್ಲಿ ಕೇಳುವ 'ಇಲ್ತಿಹಾಬ್' ಕೂಡ 'ಲಹಬ್', ಅಂದರೆ ಜ್ವಾಲೆಯಿಂದಲೇ ಬಂದದ್ದು. ಹೆಪಟೈಟಿಸ್, ಇಲ್ತಿಹಾಬ್ ಅಲ್-ಕಬಿದ್, ಯಕೃತ್ತಿನ ಉರಿಯೂತ: ಮೂರೂ ಒಂದೇ.

ಮಣಿಪಾಲದಲ್ಲಿ ನಾನು ಎಂ.ಬಿ.ಬಿ.ಎಸ್. ಸೇರಿದಾಗ, ಕನ್ನಡ ಮಾಧ್ಯಮದಿಂದ ಬಂದ ನಮಗೆ ಅಂಗರಚನೆಯ ಪುಸ್ತಕ ಕಬ್ಬಿಣದ ಕಡಲೆಯಾಗಿತ್ತು. ಆದರೆ ಗ್ರೀಕ್, ಲ್ಯಾಟಿನ್, ಸಂಸ್ಕೃತ ಒಂದೇ ಕುಟುಂಬದ ಭಾಷೆಗಳು. ಸಂಸ್ಕೃತದ ಪದಗಳನ್ನು ಕನ್ನಡ ಧಾರಾಳವಾಗಿ ಬಳಸಿರುವುದರಿಂದ, ತಿಳಿಯದೆಯೇ ನಮಗೆ ಅರ್ಧ ಪಾಠ ಬಂದಿರುತ್ತದೆ. ಡೆಂಟಲ್‌ನ 'ಡೆನ್ಸ್' ನಮ್ಮ ದಂತ. 'ಆಸ್ಟಿಯೋ' ಅಸ್ಥಿ. 'ಹೆಪಾರ್' ಯಕೃತ್ತಿನ ದೂರದ ನೆಂಟ. ಎಂಟರೈಟಿಸ್‌ನ 'ಎಂಟೆರಾನ್' ಅಂತ್ರ, ಅಂದರೆ ಕರುಳು. 'ಪೆರಿ' ಎಂದರೆ ಪರಿಧಿಯ ಪರಿ. ಹೃದಯದ ಸುತ್ತಲ ಪೊರೆ ಪೆರಿಕಾರ್ಡಿಯಂ. 'ಡಿಸ್' ಎಂಬುದು ದುಸ್ಥಿತಿಯ ದುಸ್. 'ಅನ್' ನಮ್ಮ ಅನಾರೋಗ್ಯದ ಅನ್. 'ಹೈಮಾ' ಎಂದರೆ ರಕ್ತ. ಎರಡೂ ಸೇರಿ ಅನೀಮಿಯಾ. ಬಹರೈನಿನಲ್ಲಿ ಸಾಕಷ್ಟು ಕಾಣಸಿಗುವ ಸಿಕಲ್ ಸೆಲ್ ಕಾಯಿಲೆಗೆ ಅರಬ್ಬಿಯಲ್ಲಿ 'ಫಕ್ರ್ ಅದ್-ದಮ್ ಅಲ್-ಮಿಂಜಲಿ' ಎನ್ನುತ್ತಾರೆ. 'ದಮ್' ರಕ್ತ, 'ಮಿಂಜಲ್' ಕುಡುಗೋಲು, 'ಫಕ್ರ್' ಬಡತನ. ನಮ್ಮ ಫಕೀರ ಬಂದದ್ದೂ ಅಲ್ಲಿಂದಲೇ.

ಈ ನೆಂಟಸ್ತಿಕೆಯಲ್ಲಿ ಪ್ರಾಣಕ್ಕೆ ಸಂಬಂಧಿಸಿದ್ದು ಒಂದಿದೆ. 'ಹೈಪರ್' ಎಂದರೆ ಉಪರಿ, ಮೇಲೆ. 'ಹೈಪೋ' ಎಂದರೆ ಉಪ, ಕೆಳಗೆ. ಉಪಾಧ್ಯಕ್ಷ ಅಧ್ಯಕ್ಷನಿಗಿಂತ ಕೆಳಗಲ್ಲವೇ? ಫೋನಿನಲ್ಲಿ ಎರಡೂ ಒಂದೇ ತರಹ ಕೇಳಿಸುತ್ತವೆ. ಹೈಪೋಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಇಳಿದಿದೆ. ಎಚ್ಚರವಿದ್ದು ನುಂಗಬಲ್ಲವರಿಗೆ ತಕ್ಷಣ ಸಕ್ಕರೆ ನೀರು ಕೊಡಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಹೈಪರ್‌ಗ್ಲೈಸೀಮಿಯಾ ಎಂದರೆ ಸಕ್ಕರೆ ಏರಿದೆ. ಸಕ್ಕರೆ ನೀರು ಅಲ್ಲಿ ಅಪಕಾರ. ರಕ್ತದೊತ್ತಡದ ಹೈಪರ್‌ಟೆನ್ಷನ್, ಹೈಪೊಟೆನ್ಷನ್ ಕೂಡ ಹೀಗೆಯೇ ಒಂದಕ್ಕೊಂದು ವಿರುದ್ಧ. ಅದಕ್ಕೇ ನಾನು 'ಹೈಪೋ ಅಂದರೋ ಹೈಪರ್ ಅಂದರೋ' ಎಂದು ಕೇಳುವುದಿಲ್ಲ. 'ಮೇಲೆ ಹೋಗಿದೆಯೋ ಕೆಳಗೆ ಬಂದಿದೆಯೋ, ಅಂಕಿ ಎಷ್ಟು' ಎಂದು ಕೇಳುತ್ತೇನೆ.

ಇನ್ನೊಂದು ಹೆಸರಿನ ದಾರಿ ನಾವಿರುವ ಅರಬ್ಬೀ ಸೀಮೆಯ ಮೂಲಕವೇ ಹಾದುಹೋಗಿದೆ. ಹಿರಿಯರು ಬಚ್ಚಲಲ್ಲಿ ಜಾರಿಬಿದ್ದು, ಕೆಲವು ವಾರಗಳ ನಂತರ ಮಂಕಾದರೆ ಸ್ಕ್ಯಾನಿನಲ್ಲಿ 'ಸಬ್‌ಡ್ಯೂರಲ್ ಹೆಮಟೋಮಾ' ಎಂದು ಬರುವುದುಂಟು. 'ಸಬ್' ಕೆಳಗೆ, 'ಹೆಮಟೋಮಾ' ನಿಂತ ರಕ್ತ. ನಡುವಿನ 'ಡ್ಯೂರಲ್' ಯಾವುದು? ಮೆದುಳಿನ ಹೊರಪೊರೆಯಾದ 'ಡ್ಯೂರಾ ಮೇಟರ್', ಅಂದರೆ ಗಡಸು ತಾಯಿ. ಗ್ರೀಕರಿಗೆ ಅದು ಬರೀ ಪೊರೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಹುನೈನ್ ಇಬ್ನ್ ಇಸ್‌ಹಾಕ್ ಮತ್ತು ಸಂಗಡಿಗರು ಗ್ಯಾಲನ್ನನ ಗ್ರಂಥಗಳನ್ನು ಅನುವಾದಿಸಿದರು. ವಸ್ತುಗಳ ಸಂಬಂಧವನ್ನು ತಾಯಿ, ತಂದೆ, ಮಗ ಎಂದು ಹೇಳುವುದು ಅರಬ್ಬಿಯ ರೂಢಿ. ಮೆದುಳನ್ನು ಸುತ್ತಿ ಕಾಯುವ ಪೊರೆ ಅದರ 'ಉಮ್ಮ್' ಆಯಿತು. ಹತ್ತನೆಯ ಶತಮಾನದ ಅಲ್-ಮಜೂಸಿಯ ಗ್ರಂಥವನ್ನು ಹನ್ನೆರಡನೆಯ ಶತಮಾನದಲ್ಲಿ ಅಂತಿಯೋಕದ ಸ್ಟೀಫನ್ ಲ್ಯಾಟಿನ್ನಿಗೆ ತಂದಾಗ ಉಮ್ಮ್ 'ಮೇಟರ್' ಆದಳು. ಒಳಗಿನ ತೆಳು ಪೊರೆ 'ಪಿಯಾ ಮೇಟರ್', ಮೃದು ತಾಯಿ. ಇಂದಿನ ಅರಬ್ಬೀ ಪುಸ್ತಕಗಳಲ್ಲಿ ಅವಳು 'ಅಲ್-ಉಮ್ಮ್ ಅಲ್-ಹನೂನ್', ಮಮತೆಯ ತಾಯಿ.

ಹಳೆಯ ಹೆಸರಿನಲ್ಲಿ ಹಳೆಯ ತಪ್ಪುಗಳೂ ಉಳಿದಿವೆ. ಶವದಲ್ಲಿ ಖಾಲಿಯಾಗಿ ಕಾಣುವ 'ಆರ್ಟರಿ' ಗಾಳಿಯ ಕೊಳವೆ ಎಂದು ಒಂದು ಕಾಲದಲ್ಲಿ ನಂಬಿದ್ದರು. ಮಲೇರಿಯಾ ಇಟಾಲಿಯನ್ನಿನ 'ಕೆಟ್ಟ ಗಾಳಿ'. ಸೊಳ್ಳೆಯ ಸುಳಿವು ಹೆಸರಿನಲ್ಲಿಲ್ಲ. ಹಿಸ್ಟೀರಿಯಾಕ್ಕೂ ಗರ್ಭಕೋಶ ತೆಗೆಯುವ ಹಿಸ್ಟರೆಕ್ಟಮಿಗೂ ಮೂಲ ಒಂದೇ, ಗರ್ಭಕೋಶ. ಹೆಂಗಸರ ಮನಸ್ಸಿನ ಸಂಕಟಕ್ಕೆಲ್ಲ ಗರ್ಭಕೋಶವನ್ನು ದೂರಿದ ಕಾಲದ ಪಳೆಯುಳಿಕೆ ಅದು, ಇಂದು ಬಳಸಬಾರದ ಪದ. 'ಇಡಿಯೋಪಥಿಕ್' ಎಂದು ಬರೆದಿದ್ದರೆ 'ತಾನಾಗಿ ಬಂದದ್ದು'. ಕಾರಣ ನಮಗೆ ತಿಳಿದಿಲ್ಲ ಎಂಬುದನ್ನು ವೈದ್ಯರು ಗ್ರೀಕಿನಲ್ಲಿ ಒಪ್ಪಿಕೊಳ್ಳುವ ರೀತಿ.

ಒಂದನ್ನೊಂದು ಹೋಲುವ ಹೆಸರುಗಳಲ್ಲಿ ವೈದ್ಯರೂ ಎಡವಬಹುದು. ಉಚ್ಚಾರ ಒಂದೇ ಆದ 'ಇಲಿಯಂ'ಗಳಲ್ಲಿ ಒಂದು ಸಣ್ಣ ಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಎಲುಬು. ಬರವಣಿಗೆಯಲ್ಲಿ ಒಂದಕ್ಷರದ ಅಂತರ. 'ಯುರೇಟರ್' ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ನಾಳ, 'ಯುರೇತ್ರಾ' ಅಲ್ಲಿಂದ ಹೊರಗೆ ಹೋಗುವ ನಾಳ. ಕಾಲಿನ 'ಪೆರೋನಿಯಲ್' ನರಕ್ಕೆ 1998ರ ಅಂತರರಾಷ್ಟ್ರೀಯ ಪದಪಟ್ಟಿ 'ಫಿಬ್ಯುಲರ್' ಎಂಬ ಹೆಸರನ್ನೇ ಮುಂದಿಟ್ಟಿತು. ತೊಡೆಸಂದಿನ 'ಪೆರಿನಿಯಲ್' ಜತೆಗಿನ ಗೊಂದಲ ಇದರಿಂದ ತಪ್ಪುತ್ತದೆ. ಆದ್ದರಿಂದ ಊರಿನಿಂದ ಫೋನ್ ಬಂದಾಗ ಕಿವಿಯನ್ನು ನಂಬಬೇಡಿ. ಹೆಸರು ಬರೆದಿರುವ ಹಾಳೆಯ ಫೋಟೋ ತರಿಸಿಕೊಳ್ಳಿ, ಬಲವೋ ಎಡವೋ ಎಂಬುದನ್ನೂ ನೋಡಿ, ಬಾಲದಿಂದ ಓದಿ. ಗಂಟು ಬಿಡದಿದ್ದರೆ ಈಸಾ ಟೌನಿನಲ್ಲಿ ಸಂಜೆ ಐದರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.