‘ಗಿವ್ ಆರ್ ಟೇಕ್’: ಮಾತಿಗೆ ಸರಿ, ದಾಖಲೆಗೆ ಸಾಲದು

ವಿದೇಶಿ ಖರೀದಿದಾರರೊಡನೆ ದೂರವಾಣಿಯಲ್ಲಿ ವ್ಯವಹರಿಸುವ ಸದಸ್ಯರು ‘ಟ್ವೆಂಟಿ ಟನ್ಸ್, ಗಿವ್ ಆರ್ ಟೇಕ್’ ಎಂಬಂತಹ ಮಾತನ್ನು ಕೇಳಿರಬಹುದು. ಸಂಖ್ಯೆಯ ಬೆನ್ನಿಗೆ ಬರುವ ಈ ನುಡಿಗಟ್ಟಿಗೆ ನಮ್ಮ ‘ಹೆಚ್ಚುಕಡಿಮೆ’ ಎಂಬುದೇ ಸಮಾನ ಪದ. ಹೇಳಿದ ಸಂಖ್ಯೆಯು ಅಂದಾಜಿನದು ಎಂಬುದಷ್ಟೇ ಇದರ ಅರ್ಥ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದು ಇದರಲ್ಲಿ ಇಲ್ಲ. ‘ಗಿವ್ ಆರ್ ಟೇಕ್ ಒನ್ ಟನ್’ ಎಂದಾಗ ಮಾತ್ರ 19ರಿಂದ 21 ಟನ್ ಎಂಬ ಮಿತಿಯು ಸ್ಪಷ್ಟವಾಗುತ್ತದೆ. ಇದನ್ನು ‘ಗಿವ್ ಅಂಡ್ ಟೇಕ್’ ಎಂಬುದರೊಡನೆ ಬೆರೆಸಬಾರದು. ಅದು ಉಭಯ ಪಕ್ಷಗಳೂ ಪರಸ್ಪರ ಬಿಟ್ಟುಕೊಟ್ಟು ಹೊಂದಿಕೊಳ್ಳುವುದನ್ನು ಸೂಚಿಸುತ್ತದೆ.

ಮಾತಿನ ಈ ಸಡಿಲಿಕೆಯು ದಾಖಲೆಗೆ ಇಳಿದಾಗ ತೊಡಕಾಗುತ್ತದೆ. ಲೆಟರ್ ಆಫ್ ಕ್ರೆಡಿಟ್‌ಗಳಿಗೆ ಸಾಮಾನ್ಯವಾಗಿ ಅನ್ವಯಿಸುವ, ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ‘ಯು.ಸಿ.ಪಿ. 600’ ನಿಯಮಾವಳಿಯು 2007ರ ಜುಲೈ 1ರಂದು ಜಾರಿಗೆ ಬಂದಿತು. ಅದರ 30ನೇ ವಿಧಿಯಂತೆ ‘ಅಬೌಟ್’ ಅಥವಾ ‘ಅಪ್ರಾಕ್ಸಿಮೇಟ್ಲಿ’ ಎಂಬ ಪದವು ಮೊತ್ತ, ಪ್ರಮಾಣ ಅಥವಾ ಬಿಡಿ ದರದ ಜೊತೆಗಿದ್ದರೆ ಶೇ. 10ರವರೆಗಿನ ಏರಿಳಿತಕ್ಕೆ ಅವಕಾಶವಿದೆ. ಹಿಂದಿನ ಯು.ಸಿ.ಪಿ. 500ರಲ್ಲಿ ‘ಇಂತಹುದೇ ಇತರ ಪದಗಳು’ ಎಂಬುದೂ ಸೇರಿತ್ತು. 600ರಲ್ಲಿ ಅದನ್ನು ಕೈಬಿಡಲಾಗಿದೆ. ಆದ್ದರಿಂದ ‘ಗಿವ್ ಆರ್ ಟೇಕ್’ ಎಂದು ಬರೆಸಿಕೊಂಡು ಶೇ. 10ರ ರಕ್ಷಣೆಯನ್ನು ನಂಬುವುದು ಕ್ಷೇಮವಲ್ಲ. ದಾಖಲೆಯು ತಾಳೆಯಾಗದಿದ್ದರೆ, ಸರಕು ಹಡಗನ್ನೇರಿದ ಮೇಲೂ ಬ್ಯಾಂಕು ಹಣ ಪಾವತಿಯನ್ನು ನಿರಾಕರಿಸಬಹುದು.

ಇನ್ನೆರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಈ ಸಡಿಲಿಕೆಯು ಪದವು ಯಾವ ಬಾಬಿಗೆ ಸೇರಿದೆಯೋ ಅದಕ್ಕೆ ಮಾತ್ರ. ‘ಅಬೌಟ್’ ಎಂಬುದು ಪ್ರಮಾಣದ ಜೊತೆಗಿದ್ದು ಮೊತ್ತದ ಜೊತೆಗಿಲ್ಲದಿದ್ದರೆ, ಹೆಚ್ಚು ಸರಕು ಕಳುಹಿಸಿದರೂ ನಮೂದಿಸಿದ ಮೊತ್ತಕ್ಕಿಂತ ಹೆಚ್ಚು ಹಣ ದೊರೆಯದು. ಎರಡನೆಯದಾಗಿ, ಇಂತಹ ಪದವಿಲ್ಲದಿದ್ದರೂ ತೂಕದಲ್ಲಿ ನಮೂದಿಸಿದ ಸರಕಿಗೆ, ಒಟ್ಟು ಮೊತ್ತ ಮೀರದಂತೆ, ಶೇ. 5ರ ಏರಿಳಿತ ಸಲ್ಲುತ್ತದೆ. ಆದರೆ ಪ್ರಮಾಣವನ್ನು ಚೀಲ, ಪೆಟ್ಟಿಗೆ ಅಥವಾ ಬಿಡಿ ವಸ್ತುಗಳ ಎಣಿಕೆಯಲ್ಲಿ ಹೇಳಿದ್ದರೆ ಈ ಅವಕಾಶವಿಲ್ಲ. 320 ಚೀಲ ಕಾಫಿ ಎಂದಿದ್ದರೆ 320 ಚೀಲವೇ ಹೋಗಬೇಕು.

ದೇಶದೊಳಗಿನ ವ್ಯಾಪಾರದಲ್ಲಿಯೂ ಎಚ್ಚರ ಅಗತ್ಯ. 1930ರ ಸರಕು ಮಾರಾಟ ಅಧಿನಿಯಮದ 37ನೇ ಪ್ರಕರಣದಂತೆ, ಒಪ್ಪಿದ್ದಕ್ಕಿಂತ ಕಡಿಮೆ ಬಂದರೆ ಖರೀದಿದಾರರು ಸರಕನ್ನು ನಿರಾಕರಿಸಬಹುದು. ಹೆಚ್ಚು ಬಂದರೆ ಹೆಚ್ಚಿನ ಭಾಗವನ್ನು ಅಥವಾ ಇಡೀ ಸರಕನ್ನೇ ನಿರಾಕರಿಸಬಹುದು. ವ್ಯಾಪಾರದ ರೂಢಿ ಅಥವಾ ವಿಶೇಷ ಒಪ್ಪಂದವಿದ್ದರೆ ಇದಕ್ಕೆ ವಿನಾಯಿತಿಯುಂಟು.

ಆದ್ದರಿಂದ ದೂರವಾಣಿಯಲ್ಲಿ ಈ ಮಾತು ಕೇಳಿಬಂದ ಕೂಡಲೇ ‘ಎಷ್ಟರ ಮಟ್ಟಿಗೆ?’ ಎಂದು ವಿಚಾರಿಸಿ, ಒಪ್ಪಿದ ಮಿತಿಯನ್ನು ಶೇಕಡಾವಾರು ಅಂಕಿಯಲ್ಲಿ ಅಂದೇ ಬರೆದು ಕಳುಹಿಸುವುದು ಒಳಿತು. ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಅದೇ ಅಂಕಿಯು ಪ್ರಮಾಣ ಮತ್ತು ಮೊತ್ತ ಎರಡಕ್ಕೂ ನಮೂದಾಗಿದೆಯೇ ಎಂಬುದನ್ನು ಸರಕು ಸಾಗಿಸುವ ಮುನ್ನವೇ ಪರಿಶೀಲಿಸಬೇಕು.