ನುಗ್ಗೆಸೊಪ್ಪು ಮತ್ತು ಇಲಿಯ ಲಿವರ್
ಪ್ರಶ್ನೆ: ನುಗ್ಗೆಸೊಪ್ಪಿನ ಸತ್ವ ಇಲಿಗಳ ಲಿವರ್ ಕಾಪಾಡಿತೆಂದು ಓದಿದೆ. ಅದು ಗೊತ್ತಾಗುವುದು ಹೇಗೆ? ನಮಗೂ ಲಾಭವಿದೆಯೇ?

ಉತ್ತರ: ಕಾಪಾಡಿತೋ ಇಲ್ಲವೋ ನೋಡಲು ಮೊದಲು ಲಿವರ್ ಕೆಡಿಸಬೇಕಲ್ಲ! ಕೆಲವು ಪ್ರಯೋಗಗಳಲ್ಲಿ ಇದಕ್ಕೆ ಬಳಸಿದ್ದು ನಮ್ಮ ಜ್ವರದ ಮಾತ್ರೆಯ ಪ್ಯಾರಾಸಿಟಮಾಲನ್ನೇ, ವಿಪರೀತ ಪ್ರಮಾಣದಲ್ಲಿ. ಅದು ಲಿವರ್‌ನಲ್ಲಿ ಒಡೆದಾಗ ಹುಟ್ಟುವ ವಿಷ, ಅಲ್ಲಿನ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವನ್ನು ಬರಿದು ಮಾಡಿ ಜೀವಕೋಶಗಳನ್ನು ಕೊಲ್ಲುತ್ತದೆ. ಮೊದಲೇ ನುಗ್ಗೆಯ ಸತ್ವ ಕೊಟ್ಟ ಇಲಿಗಳಲ್ಲಿ ಗ್ಲುಟಾಥಯೋನ್ ಅಷ್ಟು ಕುಸಿಯಲಿಲ್ಲ. ಪೆಟ್ಟಾದ ಲಿವರ್‌ನಿಂದ ರಕ್ತಕ್ಕೆ ಸೋರುವ ಎಎಲ್‌ಟಿ ಕಿಣ್ವವೂ ಕಡಿಮೆಯಿತ್ತು. ಎಲೆಯಲ್ಲಿರುವ ಕ್ವೆರ್ಸೆಟಿನ್, ಕ್ಲೋರೋಜೆನಿಕ್ ಆಮ್ಲಗಳ ಪಾಲು ಇದರಲ್ಲಿರಬಹುದು. ಆದರೆ ಪ್ರಮಾಣ ಗಮನಿಸಿ: ಇಲಿಯ ತೂಕದ ಪ್ರತಿ ಕಿಲೋಗೆ 200 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು, ಅದೂ ಎಲೆಯಲ್ಲ, ಅದರಿಂದ ತೆಗೆದ ಗಟ್ಟಿ ಸತ್ವ. ಪಲ್ಯ, ಬಸ್ಸಾರು ಧಾರಾಳವಾಗಿ ತಿನ್ನಿ. ಮಾತ್ರೆಯ ಅಡ್ಡಪರಿಣಾಮಕ್ಕೆ ಅದೇ ಮದ್ದೆಂದು ಮಾತ್ರ ನಂಬಬೇಡಿ.